ಬಾರ್ಬಡೋಸ್ ಟಿಕೆಟ್ಟಿನ ಎರಡನೆಯ ಹೆಸರು

"ಬಾರ್ಬಡೋಸ್‌ಗೆ ಹೋಗೂಣೇನು?"

ಸೋಮವಾರ ಸಂಜೆ ಬಾಳಕೃಷ್ಣ ಇದ್ದಕ್ಕಿದ್ದಂತೆ ಹೀಗೆ ಕೇಳಿದಾಗ ಶ್ರೀರಂಜನಿ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ಗಾದಿಗಳನ್ನು ಒಳಗೆ ಎಳೆಯುತ್ತಿದ್ದಳು. ಧಾರವಾಡದಿಂದ ಬಂದಿದ್ದ ಆರು ಮಂದಿ ನೆಂಟರು ಎರಡು ದಿನ ಆ ಗಾದಿಗಳ ಮೇಲೆ ಮಲಗಿ, ಕಲಂಗುಟ್ ಬೀಚು ನೋಡಿ, ಗೋಡಂಬಿ ಕಟ್ಟಿಸಿಕೊಂಡು ಬೆಳಿಗ್ಗೆಯಷ್ಟೇ ಹೋಗಿದ್ದರು. ಮದುವೆಯಾಗಿ ಏಳು ತಿಂಗಳು. ಕೊರ್ತಾಲಿಮ್‌ನ ಈ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕಳೆದ ಭಾನುವಾರಗಳು ಎಣಿಸಿದರೆ ಒಂದು ಕೈಯ ಬೆರಳುಗಳಷ್ಟೂ ಇರಲಿಲ್ಲ.

"ಗೋವಾದಾಗ ಇದ್ದುಕೊಂಡು ಸಮುದ್ರ ನೋಡಾಕ ಅಷ್ಟು ದೂರ ಯಾಕ್ರಿ?"

"ಅಲ್ಲಿಗೆ ನಮ್ಮ ಮಂದಿ ಬರಂಗಿಲ್ಲ."

ಅವಳು ಗಾದಿ ಕೈಬಿಟ್ಟು ನಕ್ಕಳು. ಕುಂಡಯಿಯ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಈ ಮನುಷ್ಯ, ಕೋಣೆಯಿಂದ ಹೊರಗೆ ಬರುವಾಗ ಎರಡು ಸಲ ಫ್ಯಾನ್ ಸ್ವಿಚ್ ನೋಡುವವನು. ಊಟಿಗೆ ಹೋಗೋಣ ಎಂದಿದ್ದಕ್ಕೆ "ಮುಂದಿನ ವರ್ಷ ನೋಡೂಣು" ಎಂದಿದ್ದವನು. ಈಗ ಸೀದಾ ಕೆರಿಬಿಯನ್! ಅವಳಿಗೆ ಆ ಹೆಸರು ಹೊಸದಲ್ಲ. ವಾಸ್ಕೋದಲ್ಲಿ, ಹಡಗಿನ ಕೆಲಸಕ್ಕೆ ಹೋಗುವವರ ಕಾಗದಪತ್ರ ನೋಡಿಕೊಳ್ಳುವ ಆಫೀಸು ಅವಳದು. ಬಾರ್ಬಡೋಸ್‌ಗೆ ಹೋಗಿ ಹಡಗು ಹತ್ತುವ ಎಷ್ಟೋ ಜನರ ವಿಮಾನದ ಟಿಕೆಟ್ಟು ತೆಗೆದಿದ್ದಳು. ತಾನು ಮಾತ್ರ ಇನ್ನೂ ವಿಮಾನ ಹತ್ತಿರಲಿಲ್ಲ.

"ಖರೇನ ಕೇಳಾಕತ್ತೀರೋ, ಚ್ಯಾಷ್ಟಿ ಮಾಡಾಕತ್ತೀರೋ?"

"ಖರೇನ. ಖರ್ಚು ಕಡಿಮಿ ಆಗಬೇಕು, ಆರಾಮ ಇರಬೇಕು. ನೀ ಪ್ಲ್ಯಾನ್ ಮಾಡು."

ಅವನು ಅವಳನ್ನೇ ನೋಡುತ್ತಿದ್ದ. ಸಾಮಾನ್ಯವಾಗಿ ಅವಳ ಕಣ್ಣಿಗೆ ಕಣ್ಣು ಸಿಕ್ಕರೆ ಕನ್ನಡಕ ಒರೆಸುವ ನೆಪ ಮಾಡುತ್ತಿದ್ದವನು ಇವತ್ತು ದೃಷ್ಟಿ ತೆಗೆಯಲೇ ಇಲ್ಲ. ಅವಳ ಮುಖ ಬೆಚ್ಚಗಾಯಿತು. ಅಂತೂ ಈ ಮನುಷ್ಯನಿಗೂ ಪ್ರೀತಿ ಮಾಡಲು ಬರುತ್ತದೆ ಎಂದುಕೊಂಡಳು.

ಆಗ ಅವನ ಕೊರಳಪಟ್ಟಿಯ ಒಳಗೆ ಬಿಳಿಯ ಬ್ಯಾಂಡೇಜು ಕಂಡಿತು.

"ಇದೇನ್ರಿ?"

ಎಡ ಕುತ್ತಿಗೆಯಲ್ಲಿ ಎರಡು ತಿಂಗಳಿಂದ ಒಂದು ಗಂಟು ಇತ್ತು. ಉಷ್ಣಕ್ಕೆ ಬಂದ ಗುಳ್ಳೆ ಎಂದು ಅವಳೇ ಅರಿಶಿನ ಹಚ್ಚುತ್ತಿದ್ದಳು. ಕಡಲೆಕಾಳಿನಷ್ಟು ಇದ್ದದ್ದು ನೆಲ್ಲಿಕಾಯಿಯಷ್ಟಾಗಿತ್ತು.

"ಇವತ್ತ ಅರ್ಧ ದಿನ ರಜಾ ಹಾಕಿ ಪಣಜಿ ಆಸ್ಪತ್ರಿಗೆ ಹೋಗಿದ್ದೆ. ಗಂಟಿಂದ ಒಂದು ಚೂರು ತಗದು ಟೆಸ್ಟಿಗೆ ಕಳಸ್ಯಾರ. ಹತ್ತು ದಿನಕ್ಕ ರಿಪೋರ್ಟ್ ಬರತೈತಿ."

"ಏನಿರಬಹುದು ಅಂತಾರ?"

"ರಿಪೋರ್ಟ್ ಬರೂತನ ಏನೂ ಹೇಳಾಕ ಬರಂಗಿಲ್ಲ ಅಂದ್ರು."

ಅವಳಿಗೆ ಅರ್ಥವಾಯಿತು. ಬಾರ್ಬಡೋಸ್ ಹುಟ್ಟಿದ್ದು ಪ್ರೀತಿಯಿಂದಲ್ಲ, ಅಂಜಿಕೆಯಿಂದ. ಗಾದಿಯ ಮೇಲೆಯೇ ಕುಳಿತುಬಿಟ್ಟಳು.

"ಒಬ್ಬರ ಯಾಕ ಹೋದ್ರಿ? ನನಗೊಂದು ಮಾತು ಹೇಳಬಾರದಿತ್ತೇನು?"

"ಮನ್ಯಾಗ ಮಂದಿ ಇದ್ರಲ್ಲ, ಶ್ರೀ. ಹೆಂಗ ಹೇಳಲಿ?" ಅವನು ಅವಳ ಪಕ್ಕ ಬಂದು ಕುಳಿತ. "ಹತ್ತು ದಿನ ಇದರ ಮಾತು ಆಡೂದು ಬ್ಯಾಡ. ಬಾರ್ಬಡೋಸ್ ಮಾತ ಆಡೂಣು. ಆಗತೈತೇನು?"

ಅವಳು ತಲೆಯಾಡಿಸಿದಳು. ಬೇರೆ ಏನು ಮಾಡಬೇಕೆಂದು ಅವಳಿಗೂ ತೋಚಲಿಲ್ಲ.

*

ಮರುದಿನದಿಂದ ಸಂಜೆ ಚಹಾದ ಲೋಟಗಳ ನಡುವೆ ಲ್ಯಾಪ್‌ಟಾಪ್ ಬಂದು ಕುಳಿತಿತು.

"ಡಿಸೆಂಬರದಿಂದ ಏಪ್ರಿಲ್ ನಡುವಿನತನ ಅಲ್ಲಿ ಸೀಸನ್. ಎಲ್ಲಾ ತುಟ್ಟಿ. ಜೂನ್ ಹತ್ತಿತಂದ್ರ ಬಿರುಗಾಳಿ ಅಂಜಿಕಿ. ಮೇ ಮೊದಲನೇ ವಾರ ಚಲೋ," ಎಂದಳು. "ಬಾರ್ಬಡೋಸ್‌ಗೆ ನಮಗ ವೀಸಾ ಬ್ಯಾಡ. ಲಂಡನ್ ಮ್ಯಾಲೆ ಹೋದ್ರ ಅಲ್ಲಿಯ ಟ್ರಾನ್ಸಿಟ್ ವೀಸಾ ಮಾತ್ರ ಬೇಕು."

"ಎಷ್ಟು ಶಾಣ್ಯಾ ಹೆಂಡ್ತಿ ಸಿಕ್ಕಾಳ ನನಗ!"

"ಈಗ ಗೊತ್ತಾತೇನು?"

ದೊಡ್ಡ ರೆಸಾರ್ಟುಗಳ ಚಿತ್ರ ನೋಡಿ, ಬೆಲೆ ನೋಡಿ, ಇಬ್ಬರೂ ಒಟ್ಟಿಗೇ ಪುಟ ಮುಚ್ಚಿದರು. ಕೊನೆಗೆ ವರ್ನಾ ಎಂಬ ಹೆಂಗಸು ತನ್ನ ಮನೆಯ ಹಿಂದೆ ಬಾಡಿಗೆಗೆ ಕೊಡುವ ಒಂದು ಕೋಣೆ ಸಿಕ್ಕಿತು. ಎ.ಸಿ. ಇಲ್ಲ, ಫ್ಯಾನ್ ಇದೆ. ಪುಟ್ಟ ಅಡುಗೆಮನೆ ಇದೆ. ಸಮುದ್ರಕ್ಕೆ ಐದು ನಿಮಿಷ, ಬಸ್ ಸ್ಟಾಪಿಗೆ ಎರಡು ನಿಮಿಷ. ಅಡುಗೆಮನೆ ಇದ್ದರೆ ಅವಲಕ್ಕಿ, ಚಟ್ನಿಪುಡಿ, ಕಡಕ್ ರೊಟ್ಟಿ ಒಯ್ಯಬಹುದು ಎಂದು ಶ್ರೀರಂಜನಿ ಪಟ್ಟಿ ಬರೆದಳು. ವರ್ನಾ ಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿದ್ದಳು: ದೊಡ್ಡ ಮಂಚ ಒಂದೋ, ಸಣ್ಣ ಮಂಚ ಎರಡೋ?

"ಏನು ಬರೀಲಿ?" ಎಂದು ಕೇಳಿ ಬಾಳಕೃಷ್ಣ ಗಂಭೀರವಾಗಿ ಕಾದ.

"ನಿಮ್ಮ ಇಷ್ಟ."

"ನೀ ನಿದ್ದ್ಯಾಗ ಒದಿತಿ. ಎರಡು ಅಂತ ಬರೀತೀನಿ."

"ಬರೀರಿ ನೋಡೂಣು!"

ಅವನು ಒಂದು ಎಂದು ಬರೆದ. ಬರೆದು, ಕಿವಿ ಕೆಂಪಾಗಿ, ಕನ್ನಡಕ ತೆಗೆದು ಒರೆಸಿದ. ಅವಳು ಬೆರಳಿನಿಂದ ಆ ಕೆಂಪು ಕಿವಿಯನ್ನು ಮುಟ್ಟಿದಳು. ಕಿವಿಯ ಕೆಳಗೆ ಬ್ಯಾಂಡೇಜು. ಬೆರಳು ಅಲ್ಲೇ ನಿಂತಿತು. ನಗು ಇಬ್ಬರ ಮುಖದಿಂದಲೂ ಒಂದೇ ಸಲಕ್ಕೆ ಇಳಿದುಹೋಯಿತು.

ಆಡಬಾರದು ಎಂದುಕೊಂಡ ಮಾತು ಮನೆಯಲ್ಲೆಲ್ಲ ಓಡಾಡುತ್ತಿತ್ತು. ಅವನ ಪ್ಯಾಂಟು ಸಡಿಲವಾಗಿದೆ, ಬೆಲ್ಟಿಗೆ ಹೊಸ ತೂತು ಬಿದ್ದಿದೆ ಎಂಬುದನ್ನು ಅವಳು ಈಗ ಗಮನಿಸಿದಳು. ಸಂಜೆ ಮೈ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ದಿಂಬಿನ ಬಟ್ಟೆ ಬೆವರಿನಿಂದ ಒದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಇವನ್ನೆಲ್ಲ ಬರೆದು ಹುಡುಕಿದಳು. ಬಂದ ಪಟ್ಟಿಯಲ್ಲಿ ಅತಿ ಕೆಟ್ಟ ಹೆಸರೊಂದೇ ಅವಳ ಕಣ್ಣಿಗೆ ಬಿತ್ತು. ಡಬ್ಬಿ ಮುಚ್ಚಿಟ್ಟಳು. ಪಕ್ಕದ ಟೇಬಲ್ಲಿನ ಶ್ವೇತಾ, "ಯಾಕ, ಉಪವಾಸ ಏನು?" ಎಂದಾಗ ಹೌದೆಂದಳು.

ಅವನೂ ನಿದ್ದೆ ಮಾಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಅಲುಗಾಡದೆ ಮಲಗಿರುತ್ತಿದ್ದ. ನಿದ್ದೆ ಬಂದಿದ್ದರೆ ಅವನು ಸಣ್ಣಗೆ ಗೊರಕೆ ಹೊಡೆಯುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಗೊರಕೆಗಾಗಿ ಕಾಯುತ್ತ ಅವಳೂ ಅಲುಗಾಡದೆ ಮಲಗಿರುತ್ತಿದ್ದಳು.

*

ಎಂಟನೆಯ ದಿನ ಟಿಕೆಟ್ ದರ ಒಮ್ಮೆಲೆ ಇಳಿಯಿತು. ಆಫೀಸಿನಲ್ಲಿ ಅದನ್ನು ಮೊದಲು ನೋಡಿದವಳು ಶ್ರೀರಂಜನಿಯೇ. ಆ ದರ ಮರುದಿನ ಮಧ್ಯಾಹ್ನದವರೆಗೆ ಮಾತ್ರ. ಒಮ್ಮೆ ತೆಗೆದರೆ ಹಣ ವಾಪಸ್ಸಿಲ್ಲ, ಹೆಸರು ಬದಲಿಸುವಂತಿಲ್ಲ. ರಿಪೋರ್ಟಿಗೆ ಇನ್ನೂ ಎರಡು ದಿನ ಇತ್ತು.

ಬಾಳಕೃಷ್ಣನಿಗೆ ಲಿಂಕ್ ಕಳಿಸಿದಳು. "ತಗೋತೀನಿ," ಎಂದು ಉತ್ತರ ಬಂತು.

ಅವಳು ಮನೆಗೆ ಬಂದಾಗ ಅವನು ಸ್ನಾನಕ್ಕೆ ಹೋಗಿದ್ದ. ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಮೊದಲ ಪ್ರಯಾಣಿಕರ ಜಾಗದಲ್ಲಿ ಅವಳ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ, ಎಲ್ಲ ತಪ್ಪಿಲ್ಲದೆ ತುಂಬಿತ್ತು. ಎರಡನೆಯ ಪ್ರಯಾಣಿಕರ ಜಾಗ ಖಾಲಿ.

ಅವನು ತಲೆ ಒರೆಸುತ್ತ ಹೊರಗೆ ಬಂದ.

"ಎರಡನೇ ಹೆಸರು ಯಾಕ ಹಾಕಿಲ್ಲ?"

ಅವನು ಟವೆಲ್ಲನ್ನು ಕುರ್ಚಿಗೆ ಹಾಕಿದ. ಸರಿಯಾಗಿ ಬೀಳಲಿಲ್ಲವೆಂದು ಮತ್ತೆ ಎತ್ತಿ ಹಾಕಿದ.

"ಹೇಳ್ರಿ."

"ಆಮ್ಯಾಲೆ ಹೆಸರು ಬದಲಿ ಮಾಡಾಕ ಬರಂಗಿಲ್ಲ, ಶ್ರೀ. ನಾ ವಿಚಾರ ಮಾಡಿದೆ... ನಿಮ್ಮ ಶ್ವೇತಾನ ಹೆಸರು ಹಾಕಿದ್ರ ಹೆಂಗ? ನಾ ಬರೂಹಂಗ ಇಲ್ಲದಿದ್ರ ನೀ ಅಕಿ ಜೊತಿ ಹೋಗಿ ಬರಬಹುದು. ನೀ ಇಷ್ಟು ದಿನ ಕುಂತು ಇಷ್ಟೆಲ್ಲಾ ಪ್ಲ್ಯಾನ್ ಮಾಡೀದಿ."

ಎಂಟು ದಿನದಿಂದ ಅವಳು ಎದೆಯಲ್ಲಿ ಒತ್ತಿ ಹಿಡಿದದ್ದೆಲ್ಲ ಸಿಟ್ಟಾಗಿ ಹೊರಗೆ ಬಂತು.

"ನೀವು ಇಲ್ಲಿ ಆಸ್ಪತ್ರ್ಯಾಗ ಬಿದ್ದಿರತೀರಿ, ನಾ ಶ್ವೇತಾನ ಜೊತಿ ಸಮುದ್ರದಾಗ ಈಸಾಡ್ತಿರತೀನಿ. ಹೌದಿಲ್ಲೋ? ನಾ ಅಂಥಾಕಿ ಅಂತ ತಿಳಿದೀರೇನು?"

"ಹಂಗಲ್ಲ..."

"ಮತ್ತ ಹೆಂಗ? ಏಳು ತಿಂಗಳದ ಹಿಂದ ಅಪ್ಪ, ಹುಡುಗ ಚಲೋ ಅದಾನ ಅಂದ. ನಾ ಹೂಂ ಅಂದೆ. ನಿಮ್ಮ ಮ್ಯಾಲೆ ನನಗ ಆಗ ಏನೂ ಇರಲಿಲ್ಲ. ಖರೇ ಹೇಳ್ತೀನಿ, ಮೊದಲನೇ ತಿಂಗಳು ನಿಮ್ಮ ಮೌನ ನೋಡಿ ಅಳು ಬರತಿತ್ತು." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಈಗ ನೀವು ಹತ್ತು ನಿಮಿಷ ತಡ ಮಾಡಿ ಬಂದ್ರ ನಾ ಗೇಟಿನಾಗ ನಿಂದರತೀನಿ. ನಿಮ್ಮ ಕಂಪನಿ ಬಸ್ಸಿನ ಹಾರ್ನ್ ನನಗ ದೂರದಿಂದನ ಗೊತ್ತಾಗತೈತಿ. ಇದಕ್ಕೇನಂತಾರ ನೀವ ಹೇಳ್ರಿ."

ಅವನ ಒದ್ದೆ ಕೂದಲಿನಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು. ಅದೆಲ್ಲ ಸ್ನಾನದ ನೀರೇ ಎಂದು ಅವಳಿಗೆ ಖಾತ್ರಿಯಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕುಳಿತು, ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬಾಳಕೃಷ್ಣ ಎಂದು ಬರೆದಳು. ಅವನ ಪಾಸ್‌ಪೋರ್ಟ್ ನಂಬರು ಅವಳಿಗೆ ಬಾಯಿಪಾಠವಾಗಿತ್ತು.

"ಶ್ರೀ, ವಿಚಾರ ಮಾಡು. ರೊಕ್ಕ ಹೋದ್ರ ಹೋತು. ವಾಪಸ್ ಬರಂಗಿಲ್ಲ."

"ಹೋಗಲಿ."

ತನ್ನದೇ ಕಾರ್ಡು ತೆಗೆದು ಹಣ ಕಟ್ಟಿದಳು. ಕೊನೆಯ ಗುಂಡಿ ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಅವನ ಕೈ ಬಂದು ಅವಳ ಕೈ ಮೇಲೆ ಕುಳಿತಿತು. ಇಬ್ಬರೂ ಸೇರಿ ಒತ್ತಿದರು.

*

ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರ ಹೆಸರು ಕೂಗಿದಾಗ ಹನ್ನೆರಡು ಹೊಡೆದಿತ್ತು. ಅಷ್ಟು ಹೊತ್ತೂ ಅವರ ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಗೌರಿಬಾಯಿ, ಕಾರವಾರ ಕಡೆಯವರು, ತಮ್ಮ ಮಂಡಿನೋವಿನ ಕಥೆ ಹೇಳುತ್ತಿದ್ದರು. ಶ್ರೀರಂಜನಿ ಹೂಂ ಹೂಂ ಎನ್ನುತ್ತಿದ್ದಳು. ಒಂದು ಮಾತೂ ಒಳಗೆ ಹೋಗಿರಲಿಲ್ಲ. ಒಳಗಿನಿಂದ ಹೊರಗೆ ಬಂದವರ ಮುಖಗಳನ್ನೇ ಅವಳು ನೋಡುತ್ತಿದ್ದಳು. ಒಬ್ಬ ಹೆಂಗಸು ಬಾಗಿಲಲ್ಲೇ ಕುಸಿದಾಗ, ಬಾಳಕೃಷ್ಣ ಶ್ರೀರಂಜನಿಯ ಕಣ್ಣಿಗೆ ಅಡ್ಡವಾಗಿ ಎದ್ದು ನಿಂತಿದ್ದ.

ಡಾಕ್ಟರ್ ಹೆಂಗಸು. ಕಾಗದ ಬಿಡಿಸಿ ಓದಿದರು. ಮತ್ತೊಮ್ಮೆ ಓದಿದರು.

"ಟಿ.ಬಿ.," ಎಂದರು ಹಿಂದಿಯಲ್ಲಿ. "ಕುತ್ತಿಗೆ ಗಂಟಿನ ಟಿ.ಬಿ. ಅವತ್ತು ತೆಗೆದ ಎಕ್ಸ್‌ರೇ ಚೆನ್ನಾಗಿದೆ, ಎದೆಯಲ್ಲಿ ಏನೂ ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡರೆ ಗುಣವಾಗುತ್ತದೆ."

"ಮತ್ತೆ... ಅದು?" ಬಾಳಕೃಷ್ಣನಿಗೆ ಆ ಹೆಸರು ಬಾಯಿಗೆ ಬರಲಿಲ್ಲ.

"ಕ್ಯಾನ್ಸರ್ ಅಲ್ಲ."

ಶ್ರೀರಂಜನಿ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮೇ ತಿಂಗಳಲ್ಲಿ ಊರಿಗೆ... ದೂರ... ಹೋಗಬಹುದಾ?" ಎಂದು ಹರಕುಮುರುಕು ಹಿಂದಿಯಲ್ಲಿ ಕೇಳಿದಳು. ಎರಡು ತಿಂಗಳ ನಂತರ ಒಮ್ಮೆ ತೋರಿಸಿ, ಎಲ್ಲ ಸರಿಯಿದ್ದರೆ ಮಾತ್ರೆ ಜೊತೆಗೆ ಒಯ್ಯಿರಿ, ಎಂದರು ಡಾಕ್ಟರ್.

ಹೊರಗೆ ಬಂದೊಡನೆ ಗೌರಿಬಾಯಿ ಕೇಳಿದರು, "ಎಂತ ಬಂತಪ್ಪಾ?"

"ಟಿ.ಬಿ. ಬಂದೈತ್ರಿ ಅಜ್ಜಿ! ಬರೇ ಟಿ.ಬಿ.!"

ಹಬ್ಬಕ್ಕೆ ಪೇಢೆ ಹಂಚುವವನಂತೆ ಹೇಳಿದ. ಗೌರಿಬಾಯಿ ಸೆರಗನ್ನು ಮೂಗಿಗೆ ಒತ್ತಿ, ಚೀಲ ಎತ್ತಿಕೊಂಡು, ಮಂಡಿನೋವು ಮರೆತು ಆಚೆ ಬೆಂಚಿಗೆ ನಡೆದರು. ಶ್ರೀರಂಜನಿಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡು ನಕ್ಕಳು. ಅವನೂ ನಕ್ಕ. ನಗುತ್ತ ನಗುತ್ತ ಗೋಡೆಗೆ ಒರಗಿದವನು ಮೆಲ್ಲಗೆ ಕೆಳಗೆ ಜಾರಿ, ನೆಲದ ಮೇಲೆ ಕುಳಿತು, ಮೊಣಕಾಲಿನಲ್ಲಿ ಮುಖ ಹುದುಗಿಸಿದ. ಭುಜಗಳು ಅಲುಗುತ್ತಿದ್ದವು. ಅದು ನಗುವಲ್ಲ.

ಅವಳು ಪಕ್ಕದಲ್ಲಿ ಕುಳಿತು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಭಾಳ ಅಂಜಿದ್ದೆ, ಶ್ರೀ. ಸಾಯೂದಕ್ಕಲ್ಲ. ನಿನ್ನ ಈಗಷ್ಟ ನೋಡಾಕ ಚಾಲೂ ಮಾಡಿದ್ದೆ. ಇಷ್ಟ ಲಗೂನ ಮುಗದು ಹೋಗತೈತೇನು ಅಂತ..." ತಲೆ ಎತ್ತಿದ. ಕಣ್ಣುಗಳು ಕೆಂಪಾಗಿದ್ದವು. "ನೀ ಅಂದ್ರ ನನಗ ಭಾಳ ಪ್ರೀತಿ. ಹೇಳಾಕ ಬರವಲ್ಲದಾಗಿತ್ತು."

ಜನ ದಾಟಿಕೊಂಡು ಹೋಗುತ್ತಿದ್ದರು. ಒಬ್ಬ ನರ್ಸ್ ದಾರಿ ಬಿಡಿ ಎಂದು ಗದರಿದಳು. ಅವಳು ತನ್ನ ಸೆರಗಿನಿಂದ ಅವನ ಮುಖ ಒರೆಸಿ, ಎಬ್ಬಿಸಿ, ಎಲ್ಲರೆದುರಿಗೇ ಕೈ ಹಿಡಿದುಕೊಂಡು ನಡೆದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ವಾಸ್ಕೋ ಬಸ್ಸು ಹತ್ತಿ ಕೊರ್ತಾಲಿಮ್‌ಗೆ ಟಿಕೆಟ್ಟು ತೆಗೆದರು; ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟು ಎರಡು ಸ್ಟಾಪು ದಾಟುವಷ್ಟರಲ್ಲಿ ಅವನ ತಲೆ ಅವಳ ಭುಜಕ್ಕೆ ವಾಲಿತು. ಅಗಸೈಮ್ ಬಂತು. ಸಣ್ಣಗೆ ಗೊರಕೆ ಶುರುವಾಯಿತು. ಬಸ್ಸು ಝುವಾರಿ ಸೇತುವೆ ಹತ್ತಿದಾಗ ಮಧ್ಯಾಹ್ನದ ಬಿಸಿಲು ಅವನ ಕೆನ್ನೆಗೆ ಬಿತ್ತು. ಅವಳು ಅಂಗೈ ಅಡ್ಡ ಹಿಡಿದು ನೆರಳು ಮಾಡಿದಳು.

"ಕೊರ್ತಾಲಿಮ್, ಕೊರ್ತಾಲಿಮ್!" ಎಂದು ಕಂಡಕ್ಟರ್ ಕೂಗಿದ. ಅವಳ ಕಡೆ ನೋಡಿ ಇಳಿಯಿರಿ ಎಂದು ಸನ್ನೆ ಮಾಡಿದ.

ಅವಳು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಪರ್ಸು ತೆಗೆದು, ಪಿಸುದನಿಯಲ್ಲಿ, "ವಾಸ್ಕೋ, ಇಬ್ಬರಿಗೆ," ಎಂದಳು.