ತನ್ನ ಬೀಗ ಕಾಣದ ಕೀ

ಸಣ್ಣ ಪ್ರಶ್ನೆಗೆ ಒಂದು ರಬ್ಬರ್. ಪರೀಕ್ಷೆಯ ಪ್ರಶ್ನೆಗೆ ಹೊಸ ಪೆನ್ಸಿಲ್. ಮನೆಯವರ ವಿಷಯವಾದರೆ ಎರಡು ಸ್ಕೆಚ್ ಪೆನ್, ಅದೂ ಇಂಕ್ ಒಣಗಿರಬಾರದು.

“ಆಸ್ಪತ್ರೆ ಅಂದ್ರೆ ಗ್ಲಿಟರ್ ಪೆನ್ನೇ ಬೇಕು,” ಎಂದಳು ಕೀ ಮೇಡಂ. “ಕೀಗೆ ತುಂಬಾ ಸುಸ್ತಾಗತ್ತೆ.”

ಸಾಸಿವೆ ಕಂಪಾಸ್ ಬಾಕ್ಸ್ ತೆರೆದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಗಾತ್ರ ಚಿಕ್ಕದು, ಬಿಸಿಯಾದರೆ ಸಿಡಿಯುತ್ತಾಳೆ ಎಂದು ಅಜ್ಜಿ ಇಟ್ಟ ಹೆಸರೇ ಶಾಲೆಯವರೆಗೂ ನಡೆದುಬಂದಿತ್ತು.

ಕೀ ಮೇಡಂ ನಿಜವಾದ ಮೇಡಂ ಏನಲ್ಲ, ಅದೇ ಕ್ಲಾಸಿನ ಹುಡುಗಿ. ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಅವಳ ಆಫೀಸು. ದಾರಕ್ಕೆ ಕಟ್ಟಿದ ಒಂದು ಹಳೆಯ ಕೀ, ಅಷ್ಟೇ ಬಂಡವಾಳ. ಅವಳು ದಾರ ಹಿಡಿದು ಕಣ್ಣು ಮುಚ್ಚಿದರೆ ಸತ್ತವರ ಆತ್ಮ ಬಂದು ಕೀಯನ್ನು ಆಡಿಸುತ್ತದಂತೆ. ಹಿಂದೆ ಮುಂದೆ ಆಡಿದರೆ ‘ಹೌದು’, ಆ ಪಕ್ಕ ಈ ಪಕ್ಕ ಆಡಿದರೆ ‘ಇಲ್ಲ’. ಆ ಕೀಯ ಬೀಗ ಯಾವತ್ತೋ ಕಳೆದುಹೋಗಿತ್ತು. ತನ್ನ ಬೀಗ ಎಲ್ಲಿದೆ ಎಂದು ತಿಳಿಯದ ಕೀ ಊರವರ ಭವಿಷ್ಯವನ್ನೆಲ್ಲ ಹೇಳುತ್ತಿತ್ತು.

ಗಣಿತದಲ್ಲಿ ಕೀ ಮೇಡಂ ಪಾಸ್ ಎಂದೂ ಅದು ಹೇಳಿತ್ತು. ಅವಳು ಫೇಲಾದಳು. ತಪ್ಪು ಪೇಪರ್ ತಿದ್ದಿದವರದೇ ಎಂದು ಆಮೇಲೆ ಕೀಯನ್ನೇ ಕೇಳಿ ಖಚಿತಪಡಿಸಿಕೊಂಡಳು.

“ಬೇಗ ಕೇಳು, ಬೆಲ್ ಆಗತ್ತೆ.”

“ನಮ್ಮಮ್ಮನ ಗಂಟಲು ಆಪರೇಷನ್ ಆಯ್ತಲ್ಲ,” ಎಂದಳು ಸಾಸಿವೆ. “ಅಮ್ಮ ಮತ್ತೆ ಚರ್ಚಲ್ಲಿ ಹಾಡ್ತಾಳಾ?”

ಕೀ ಹಿಂದೆ ಮುಂದೆ ಆಡಿತು. ಹೌದು! ಸಾಸಿವೆಗೆ ಕುಣಿಯುವಷ್ಟು ಖುಷಿ. ಅಲ್ಲಿಗೇ ಎದ್ದು ಹೋಗಿದ್ದರೆ ಅವಳ ಹೆಸರು ಸಾಸಿವೆಯೇ ಆಗುತ್ತಿರಲಿಲ್ಲ.

“ಇನ್ನೊಂದ್ಸಲ ಕೇಳೋಣ. ಕನ್ಫರ್ಮ್ ಮಾಡ್ಕೊಳ್ಳೋಕೆ.”

“ಇನ್ನೊಂದು ಗ್ಲಿಟರ್ ಪೆನ್?”

“ಇಲ್ಲ. ರಬ್ಬರ್ ಇದೆ. ಅರ್ಧ.”

ಅರ್ಧ ರಬ್ಬರ್ ಕಂಡು ಆತ್ಮಕ್ಕೆ ಭಾರಿ ಬೇಜಾರಾಯಿತು. ಕೀ ಪಕ್ಕಕ್ಕೆ ಆಡಿತು.

ಸಾಸಿವೆಯ ಮುಖ ಸಣ್ಣಗಾಯಿತು. ಅದನ್ನು ಕಂಡು ಕೀ ಮೇಡಂಗೂ ಪಾಪ ಅನ್ನಿಸಿರಬೇಕು. “ಅಳ್ಬೇಡ್ವೇ. ಪರಿಹಾರ ಇದೆ,” ಎಂದಳು. “ಬ್ಯಾಂಡೇಜ್ ಬಿಚ್ಚೋವರೆಗೂ ನೀನು ಅಮ್ಮನ ಮುಖ ನೋಡ್ಬಾರದು. ನೋಡಿದ್ರೆ ಧ್ವನಿ ವಾಪಸ್ ಬರಲ್ಲ. ಇದು ಫ್ರೀ.”

ಆ ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಆ ಫ್ರೀ ಮಾತೇ.

ಅಂದು ಸಂಜೆ ಅಪ್ಪ ಬಸ್ ಡ್ಯೂಟಿ ಮುಗಿಸಿ, ಡ್ರೈವರ್ ಅಂಗಿ ಬದಲಿಸಿ ಬಾಗಿಲಲ್ಲಿ ನಿಂತರು. “ಹೊರಡು ಪುಟ್ಟಿ, ಅಮ್ಮನ್ನ ನೋಡ್ಕೊಂಡು ಬರೋಣ.”

“ಹೊಟ್ಟೆ ನೋವು ಅಪ್ಪ.”

ಮರುದಿನ ಹೊಟ್ಟೆಯ ನೋವು ಕಾಲಿಗೆ ಇಳಿಯಿತು. ಅದರ ಮರುದಿನ ಹೋಂವರ್ಕ್. ಹೋಂವರ್ಕಿನ ಮೇಲೆ ಅವಳಿಗೆ ಅಷ್ಟು ಪ್ರೀತಿ ಹುಟ್ಟಿದ್ದನ್ನು ಆ ಮನೆ ಎಂದೂ ಕಂಡಿರಲಿಲ್ಲ.

ಅಪ್ಪ ಒಬ್ಬರೇ ಹೋಗಿ ಬಂದರು. “ಬಾಗಿಲು ಸದ್ದಾದ್ರೆ ಸಾಕು, ಅವಳು ಆ ಕಡೆ ನೋಡ್ತಾಳೆ,” ಎಂದು ಅಜ್ಜಿಗೆ ಹೇಳಿದರು. “ನನ್ನ ಹಿಂದೆ ಯಾರೂ ಇಲ್ಲ ಅಂತ ಕಂಡ್ಮೇಲೆ ಗೋಡೆ ಕಡೆ ತಿರುಗ್ತಾಳೆ.”

ಒಳಗೆ ಪುಸ್ತಕ ಹಿಡಿದಿದ್ದ ಸಾಸಿವೆಗೆ ಆ ಮಾತು ಕೇಳಿಸಿತು. ಹೋಗಬೇಕೋ ಬೇಡವೋ? ಕೀ ಹೇಳಿದ್ದು ನಿಜವಾಗಿಬಿಟ್ಟರೆ? ಕೀ ಬೇಡ, ದೇವರನ್ನೇ ಕೇಳಿಬಿಡೋಣ ಎಂದುಕೊಂಡಳು. ಮರುದಿನ ಶಾಲೆಯಿಂದ ಬಂದವಳೇ ಅಜ್ಜಿಯ ವೇದಪುಸ್ತಕ, ಆ ದಪ್ಪ ಬೈಬಲ್ಲನ್ನು, ಇಳಿಸಿದಳು. ಕಣ್ಣು ಮುಚ್ಚಿ, ಯಾವುದೋ ಪುಟ ತೆರೆದು, ಟಕ್ಕನೆ ಬೆರಳಿಟ್ಟಳು. ಕಣ್ಣು ಬಿಟ್ಟು ನೋಡಿದರೆ, ಯಾರಿಗೋ ಸೇರಿದ ಒಂಟೆಗಳೆಷ್ಟು, ಕತ್ತೆಗಳೆಷ್ಟು ಎಂಬ ಲೆಕ್ಕ. ಮತ್ತೆ ಬೆರಳಿಟ್ಟಳು. ಈ ಸಲ ಪರದೆಯ ಉದ್ದ ಅಗಲ.

“ಏನೇ ಅದು, ಪುಸ್ತಕದ ತಲೇಲಿ ಹೇನು ಹುಡುಕ್ತಿದ್ದೀಯಾ?”

ಅಜ್ಜಿ ಒಣಗಿದ ಬಟ್ಟೆಗಳ ರಾಶಿ ಹೊತ್ತು ಬಾಗಿಲಲ್ಲಿ ನಿಂತಿದ್ದರು.

“ದೇವರ ಹತ್ರ ಉತ್ತರ ಕೇಳ್ತಿದ್ದೆ. ಒಂಟೆ ಅಂತ ಬಂತು.”

“ಒಂಟೇನಾ? ನಮ್ಮನೇಲಿ ಕಟ್ಟೋಕೆ ಜಾಗ ಇಲ್ಲ, ವಾಪಸ್ ಕಳಿಸು.” ಅಜ್ಜಿ ಬಟ್ಟೆ ಕೆಳಗಿಟ್ಟು ಕುಳಿತರು. “ಈ ಕಣ್ಣು ಮುಚ್ಚೋ ವಿದ್ಯೆ ಎಲ್ಲಿಂದ ಕಲಿತೆ?”

ಬಟ್ಟೆ ಮಡಚುತ್ತ ಮಡಚುತ್ತ ಗ್ಲಿಟರ್ ಪೆನ್, ಅರ್ಧ ರಬ್ಬರ್, ಫ್ರೀ ಪರಿಹಾರ ಎಲ್ಲ ಸಾಸಿವೆಯ ಬಾಯಿಂದ ಹೊರಬಿದ್ದವು. ಅಜ್ಜಿಯ ಕೈ ನಿಂತುಹೋಯಿತು. ಬೈಯಲು ಬಾಯಿ ತೆರೆದವರು ಮೊಮ್ಮಗಳ ಮುಖ ನೋಡಿ ದನಿ ತಗ್ಗಿಸಿದರು.

“ಸತ್ತವರಿಗೆ ನಿನ್ನ ಗ್ಲಿಟರ್ ಪೆನ್ ಯಾಕಮ್ಮಾ ಬೇಕು? ಅವರೇನು ಡ್ರಾಯಿಂಗ್ ಮಾಡ್ತಾರಾ?”

ಸಾಸಿವೆಗೆ ಇದು ಹೊಳೆದಿರಲಿಲ್ಲ. “ಅದಕ್ಕೇ ಕೀ ಬಿಟ್ಟು ದೇವರನ್ನ ಕೇಳಿದ್ದು.”

“ಎಲ್ಲಿ ಬಿಟ್ಟೆ? ಕೀ ಜಾಗದಲ್ಲಿ ಪುಸ್ತಕ ಇಟ್ಟೆ. ಬೋರ್ಡ್ ಬದಲಾಯ್ತು, ಅಂಗಡಿ ಅದೇ.”

“ಮತ್ತೆ ಹೇಗೆ ಕೇಳೋದು?”

“ಬಾಯಿದೆಯಲ್ಲ. ದಿನವೆಲ್ಲ ನಮ್ಮ ತಲೆ ತಿನ್ನೋಕೆ ಬರತ್ತೆ, ಅವನ ಹತ್ರ ಮಾತಾಡೋಕೆ ಬರಲ್ವಾ?”

“ಅವನು ಉತ್ತರ ಕೊಡದಿದ್ರೆ?”

“ಅಪ್ಪನ್ನ ಏನಾದ್ರೂ ಕೇಳಿ, ಅವನ ಜೇಬಿಗೆ ನೀನೇ ಕೈ ಹಾಕಿ ಉತ್ತರ ತೆಗೀತೀಯಾ? ಕೇಳಿ, ಪಕ್ಕದಲ್ಲಿ ಕೂತ್ಕೋತೀಯ. ಹಾಗೇ.”

ಸಾಸಿವೆ ಮಂಚದ ಪಕ್ಕ ಮೊಣಕಾಲೂರಿದಳು. “ಯೇಸಪ್ಪಾ, ಅಮ್ಮನ ಧ್ವನಿ ಕೊಟ್ರೆ ನಾನು ದಿನಾ ಪಾತ್ರೆ ತೊಳೀತೀನಿ, ಸಂಡೇ ಸ್ಕೂಲಿಗೆ ಲೇಟಾಗಲ್ಲ, ಆಮೇಲೆ...”

ಅಜ್ಜಿ ಕೆಮ್ಮಿದರು. “ಅಲ್ಲೂ ರೇಟ್ ಕಟ್ತಿದ್ದೀಯಾ?”

ಸಾಸಿವೆ ಬಾಯಿ ಮುಚ್ಚಿದಳು. ಕೊಡುವುದಕ್ಕೆ ಏನೂ ಇಲ್ಲದೆ ಕೇಳುವುದು ಅವಳಿಗೆ ಕಷ್ಟವಾಯಿತು. ಕೊನೆಗೆ ತೀರಾ ಮೆಲ್ಲಗೆ ಎಂದಳು: “ನನಗೆ ತುಂಬಾ ಭಯ ಆಗ್ತಿದೆ. ನಾನೇನು ಮಾಡ್ಲಿ, ನೀನೇ ಹೇಳು.”

ಆಕಾಶದಿಂದ ಏನೂ ಕೇಳಿಸಲಿಲ್ಲ. ಪಕ್ಕದ ಮನೆಯವರು ಬಕೆಟ್ ಎಳೆದ ಸದ್ದು ಕೇಳಿಸಿತು, ಅಷ್ಟೇ. ಅವಳು ಹಾಗೆಯೇ ಕುಳಿತಿದ್ದಳು. ಗೋಡೆಯ ಕಡೆ ತಿರುಗುವ ಅಮ್ಮ ಕಣ್ಣಿಗೆ ಕಟ್ಟಿದಳು. ಭಯ ಎಲ್ಲಿಗೂ ಹೋಗಿರಲಿಲ್ಲ. ಆದರೂ ಎದ್ದಾಗ ಅವಳು ಮಾಡಿದ ಮೊದಲ ಕೆಲಸ ಚಪ್ಪಲಿ ಹುಡುಕಿದ್ದು.

ಅಪ್ಪ ಬಾಗಿಲಲ್ಲಿ ಕಾಣಿಸುತ್ತಲೇ ಅವಳೇ ಹೇಳಿದಳು, “ನಾನೂ ಬರ್ತೀನಿ.”

ಆಸ್ಪತ್ರೆಯ ವಾರ್ಡಿನಲ್ಲಿ ಫಿನೈಲ್ ವಾಸನೆ. ಕಿಟಕಿ ಪಕ್ಕದ ಮಂಚದಲ್ಲಿ ಕುತ್ತಿಗೆಗೆ ಬಿಳಿ ಬ್ಯಾಂಡೇಜ್ ಸುತ್ತಿಕೊಂಡು ಅಮ್ಮ ಒರಗಿದ್ದಳು. ಅಪ್ಪನ ಬೆನ್ನ ಹಿಂದಿನಿಂದ ಸಾಸಿವೆ ಇಣುಕಿದಳು. ಅಮ್ಮನ ಕಣ್ಣು ಅರಳಿತು. ಬಾಯಿ ತೆರೆದಳು. ಹೊರಬಂದದ್ದು ಬರೀ ಗಾಳಿ.

ನರ್ಸ್ ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. “ಮಾತು ನಿಧಾನಕ್ಕೆ ಬರತ್ತೆ. ಹಾಡೋದು ಇನ್ನು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ.”

ಸಾಸಿವೆ ನರ್ಸ್ ಕಡೆ ತಿರುಗಿದಳು. “ನಾನು ನೋಡಿದ್ದಕ್ಕಾ? ಬ್ಯಾಂಡೇಜ್ ಬಿಚ್ಚೋಕೆ ಮುಂಚೆ ನೋಡ್ಬಿಟ್ಟೆ, ಅದಕ್ಕಾ?”

ನರ್ಸ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನ ಕಣ್ಣಲ್ಲಿ ಅಷ್ಟು ಪವರ್ ಇದ್ರೆ ಇಲ್ಲೇ ಕೆಲಸ ಕೊಡಿಸ್ತೀನಿ, ಬಾ. ಆಪರೇಷನ್ ದಿನಾನೇ ಡಾಕ್ಟರಿಗೆ ಗೊತ್ತಾಗಿತ್ತಮ್ಮ. ನೀನೇನೂ ಮಾಡಿಲ್ಲ.”

ಹಾಗಾದರೆ ಅಷ್ಟು ದಿನ ಅಮ್ಮ ಬಾಗಿಲು ನೋಡಿದ್ದು ಸುಮ್ಮಸುಮ್ಮನೆಯಾ? ಸಾಸಿವೆಗೆ ಅಳು ಉಕ್ಕಿಬಂತು. ಅಮ್ಮ ಕೈ ಚಾಚಿದಳು. ಸಾಸಿವೆ ಸ್ಟೂಲ್ ಎಳೆದುಕೊಂಡು ಕುಳಿತಳು. ಅಮ್ಮನ ಬಾಯಿಯ ಹತ್ತಿರಕ್ಕೆ ಕಿವಿ ತಂದರೆ ಮಾತ್ರ ಆ ಗಾಳಿ ಮಾತಾಗುತ್ತಿತ್ತು.

“ಊಟ ಮಾಡಿದ್ಯಾ?” ಎನ್ನುತ್ತಿದ್ದಳು ಅಮ್ಮ.

ಸಾಸಿವೆ ಕಿವಿಯನ್ನು ಅಲ್ಲಿಂದ ತೆಗೆಯಲಿಲ್ಲ. ಅಮ್ಮನ ಹಾಡು ಹೋಗಿತ್ತು. ತಾನು ಬಾರದೆ ಕಳೆದ ಸಂಜೆಗಳೂ ಹೋಗಿದ್ದವು. ಈ ಸಂಜೆ ಉಳಿದಿತ್ತು.