ಕೊಂಬೆಗೆ ಸಿಕ್ಕ ಹನ್ನೆರಡಡಿಯ ಲೀಡರ್

ಮಡುವಿನಲ್ಲಿ ದೊಡ್ಡಮ್ಮ ಇರಲಿಲ್ಲ!

ದೊಡ್ಡಮ್ಮ ಅಂದರೆ ಮೀನು. ತೊರೆಯ ಮೇಲ್ಮಡುವಿನ ಮುದಿ ಟ್ರೌಟ್, ಮೊಳಕ್ಕಿಂತ ಉದ್ದ. ಮರಿಗಳಾಗಲೆಂದು ಗಾಳದವರ ಸಂಘ ಅವಳನ್ನು ಸಾಕಿಕೊಂಡು ಬಂದಿತ್ತು. ಆ ಮಡುವಿಗೆ ಯಾರೂ ಗಾಳ ಹಾಕುವಂತಿಲ್ಲ. ಕಾಯುವ ಕೆಲಸ ನನ್ನ ತಮ್ಮನದು. ಬೆಳಿಗ್ಗೆ ಏಳಕ್ಕೆ ಅವನು ಹೋಗಿ ನೋಡಿದರೆ ನೀರಿನಲ್ಲಿ ಅವಳಿಲ್ಲ. ಮೇಲೆ ಬಾಗಿದ ಕೊಂಬೆಯಲ್ಲಿ ಒಂದು ಲೀಡರ್ ತೂಗುತ್ತಿತ್ತು. ಅದರ ತುದಿಗೆ ಗರಿ ಕಟ್ಟಿದ ಗಾಳ, ಬುಡಕ್ಕೆ ಕೆಂಪು ರೇಷ್ಮೆ ಸುತ್ತು.

ಕೆಂಪು ಸುತ್ತು ತಮ್ಮನ ಗುರುತು. ಸುತ್ತಿದವಳು ನಾನೇ. ಗಾಳದ ಅಂಗಡಿಯಲ್ಲಿ ಲೀಡರ್ ಕಟ್ಟುವುದು ನನ್ನ ಕಸುಬು. ಕೋಲಿನ ದಪ್ಪ ದಾರಕ್ಕೂ ಗಾಳಕ್ಕೂ ನಡುವಿನ ನೈಲಾನ್ ಎಳೆಯೇ ಲೀಡರ್. ಬುಡ ದಪ್ಪ, ತುದಿ ಕೂದಲಿನಷ್ಟು ಸಣ್ಣ. ಮೀನಿನ ಕಣ್ಣಿಗೆ ಕಾಣಬಾರದಲ್ಲ!

"ಬೇಲಿಯೇ ಎದ್ದು ಹೊಲ ಮೇಯ್ದಿದೆ," ಎಂದರು ಸಂಘದ ಕಾರ್ಯದರ್ಶಿ. "ಹತ್ತಕ್ಕೆ ಸಮಿತಿ ಸೇರುತ್ತೆ. ಕೆಲಸಾನೂ ಬಿಡಬೇಕು, ಕಾವಲಿನ ಮನೇನೂ ಬಿಡಬೇಕು."

ನಾನು ಅತ್ತಿಗೆಗೆ ಹೇಳಿಕಳಿಸಿದೆ. ನಲವತ್ತು ವರ್ಷ ಬಟ್ಟೆ ಹೊಲಿದವಳು. ನಮ್ಮ ಬೀದಿಯಲ್ಲಿ ಏನು ಕಳೆದರೂ ಮೊದಲು ಅವಳನ್ನೇ ಕೇಳುತ್ತಾರೆ, ಆಮೇಲೆ ಪೊಲೀಸರನ್ನು. ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು.

ಕಾವಲು ಮನೆಯ ಮೇಜಿನ ಮೇಲೆ ಆ ಲೀಡರ್. ಸುತ್ತ ನಾವು ಐದು ಜನ: ತಮ್ಮ, ಕಾರ್ಯದರ್ಶಿ, ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, ಅತ್ತಿಗೆ, ನಾನು. ಅತ್ತಿಗೆ ಟೇಪು ಹಿಡಿದಳು. ಹನ್ನೆರಡು ಅಡಿ!

"ಈ ಮನೆ ಬೀಗದಕೈ ಯಾರ ಹತ್ತಿರ ಇದೆ?"

"ಅವನ ಹತ್ತಿರ, ನನ್ನ ಹತ್ತಿರ, ಕಾರ್ಯದರ್ಶಿಗಳ ಹತ್ತಿರ," ಎಂದರು ಡಾಕ್ಟರು.

ಗೋಡೆಯ ಮೊಳೆಗಳಿಂದ ಅತ್ತಿಗೆ ತಮ್ಮನ ಕೆಂಪು ಸುತ್ತಿನವೇ ಇನ್ನೂ ಮೂರು ಲೀಡರ್ ಇಳಿಸಿದಳು—ಆರಡಿಯದು, ಒಂಬತ್ತಡಿಯದು, ಹನ್ನೆರಡಡಿಯದು. "ನಂಗೆ ಸೂಜಿದಾರ ಬಿಟ್ರೆ ಏನೂ ಗೊತ್ತಿಲ್ಲಪ್ಪ. ಆ ಮಡುವಿಗೆ ಗಾಳ ಹಾಕೋದಾದ್ರೆ ಯಾವುದನ್ನ ಆರಿಸ್ತೀರಿ? ಒಬ್ಬೊಬ್ಬರೇ ಹೇಳಿ."

ತಮ್ಮ ಆರಡಿಯದನ್ನು ಮುಟ್ಟಿದ. ಡಾಕ್ಟರು ಕೂಡ ಅದನ್ನೇ.

ಕಾರ್ಯದರ್ಶಿ ನಕ್ಕರು. "ನೀರು ಅಷ್ಟು ತಿಳಿ. ದಪ್ಪ ದಾರ ಹತ್ತಿರ ಬಿದ್ರೆ ಮೀನು ಬೆದರಲ್ವಾ? ಉದ್ದದ್ದೇ ಸರಿ. ನಾನು ಕೆರೇಲಿ ಯಾವಾಗ್ಲೂ ಅದನ್ನೇ ಹಾಕೋದು."

"ತೊರೇಲಿ?"

"ಆ ಪೊದೆ ಒಳಗೆ ಯಾರು ನುಗ್ತಾರಮ್ಮ!"

ಅತ್ತಿಗೆ ತಮ್ಮನ ಕಡೆ ತಿರುಗಿದಳು. "ನೀನ್ಯಾಕೋ ಗಿಡ್ಡದ್ದು ಆರಿಸಿದೆ?"

"ಅಲ್ಲಿ ಕೋಲು ಬೀಸೋಕೇ ಜಾಗ ಇಲ್ಲ ಅತ್ತಿಗೆ. ಎರಡು ಮಾರು ದೂರ ಎಸೆದ್ರೆ ಹೆಚ್ಚು. ಗಾಳ ಹಾರೋದು ದಪ್ಪ ದಾರದ ತೂಕದಿಂದ. ಲೀಡರೇ ಹನ್ನೆರಡಡಿ ಆದ್ರೆ ದಪ್ಪ ದಾರ ಕೋಲು ಬಿಟ್ಟು ಹೊರಗೇ ಬರಲ್ಲ. ಎಲ್ಲಾ ಗಿಡಕ್ಕೇ ಹೋಗುತ್ತೆ."

"ಹಾಗೇ ಗಿಡಕ್ಕೆ ಹೋಗಿದೆ!" ಕಾರ್ಯದರ್ಶಿ ಮೇಜು ಗುದ್ದಿದರು. "ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಹಾಕ್ದ. ಸಿಕ್ಕಿಕೊಳ್ತು. ಇನ್ನೇನು ಸಾಕ್ಷಿ ಬೇಕು?"

ಅದೂ ನಿಜವಿರಬಹುದಲ್ಲ ಎನ್ನಿಸಿತು ನನಗೆ. ತಮ್ಮ ತಲೆ ತಗ್ಗಿಸಿದ. ಗಡಿಯಾರದಲ್ಲಿ ಒಂಬತ್ತೂ ಕಾಲು.

ಅತ್ತಿಗೆ ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ದೊಡ್ಡಮ್ಮನ ಗುರುತು ಯಾರಿಗೆ ಗೊತ್ತು?"

"ನಂಗೊಬ್ಬನಿಗೇ," ಎಂದ ತಮ್ಮ. "ಬೇರೆಯವರು ನೋಡಿರೋದು ನೀರೊಳಗಿನ ನೆರಳು. ಎಡ ಕಿವಿರಿನ ಹಿಂದೆ ಮೂರು ಚುಕ್ಕೆ, ಸಾಲಾಗಿ ಗುಂಡಿ ಹೊಲಿದ ಹಾಗೆ. ನೋಟುಬುಕ್ಕಲ್ಲಿ ಬರೆದಿಟ್ಟಿದ್ದೀನಿ."

"ನಾಡಿದ್ದು ಕೆರೇಲಿ ಪಂದ್ಯ ಅಂತಲ್ಲ. ಮೀನು ತೂಗೋರು ಯಾರು?"

"ನಾನೇ."

"ಕೆಲಸ ಹೋದ್ರೆ ನೀನು ತೂಗಲ್ಲ," ಎಂದಳು ಅತ್ತಿಗೆ. ಕೊಂಬೆಯಿಂದ ತಂದ ಲೀಡರನ್ನು ಎತ್ತಿ ಜೋತುಬಿಟ್ಟಳು. "ಇದನ್ನ ನೋಡಿ. ಏನು ಕಾಣುತ್ತೆ?"

"ಕೆಂಪು ಸುತ್ತು," ಎಂದೆ.

"ಅದು ಬಿಟ್ಟು?"

ಆಗ ಕಂಡಿತು. ಬೆಳಗಿನಿಂದ ನನ್ನ ಕಣ್ಣೆದುರೇ ಇತ್ತು, ನಾನು ಸುತ್ತು ಒಂದನ್ನೇ ನೋಡಿದ್ದೆ. ಎಳೆ ಸುರುಳಿ ಸುರುಳಿ! ಮೊಳೆಗೆ ಸುತ್ತಿಟ್ಟ ಹಾಗೇ!

"ರೀಲಿನಿಂದ ಬಿಚ್ಚಿದ ದಾರ ಹೀಗೇ ಇರುತ್ತೆ," ಎಂದಳು ಅತ್ತಿಗೆ. "ಗಾಳ ಹಾಕೋ ಮುಂಚೆ ನೀವೆಲ್ಲ ಏನು ಮಾಡ್ತೀರಿ ನಾದಿನಿ?"

"ಬೆರಳ ನಡುವೆ ಹಿಡಿದು ಎಳೆದು ನೆಟ್ಟಗೆ ಮಾಡ್ತೀವಿ. ಇಲ್ಲದಿದ್ರೆ ಗಾಳ ಸ್ಪ್ರಿಂಗಿನ ಹಾಗೆ ಕುಣಿಯುತ್ತೆ. ಯಾರೂ ಮರೆಯಲ್ಲ."

"ಹೌದು. ಗಾಳ ಹಾಕೋನು ಮರೆಯಲ್ಲ. ಇದನ್ನ ಯಾರೂ ನೀರಿಗೆ ಎಸೆದೇ ಇಲ್ಲ, ಕೈಯಾರೆ ಕೊಂಬೆಗೆ ತಗುಲಿಹಾಕಿದ್ದಾರೆ. ಈ ಗೋಡೆಯಿಂದ ತಗೊಳ್ಳೋವಾಗ ಮೂರು ಅಳತೆ ಎದುರಿಗಿತ್ತು. ತೊರೆ ಬಲ್ಲವನಾದ್ರೆ ಗಿಡ್ಡದ್ದನ್ನ ಕದೀತಿದ್ದ. ಕೆರೆ ಒಂದನ್ನೇ ಬಲ್ಲವನು..." ಕಾರ್ಯದರ್ಶಿಯತ್ತ ನೋಡಿದಳು. "ಮೀನು ಹಿಡಿದಿದ್ದು ಬಲೇಲಿ. ಸತ್ತ ಮೀನಿಗೆ ಪಂದ್ಯದ ಕಪ್ ಸಿಗಲ್ಲ. ನಾಡಿದ್ದು ಕೆರೇಲಿ ಹಿಡಿದೆ ಅಂತ ತೋರಿಸೋಕೆ ಅಲ್ಲೀತನಕ ಜೀವಂತ ಬೇಕು. ಡಾಕ್ಟರೇ, ಇವರ ದೋಣಿ ಎಲ್ಲಿ ಕಟ್ಟಿದೆ?"

"ದೋಣಿ ಮುಟ್ಟಬೇಡಿ!" ಕಾರ್ಯದರ್ಶಿ ಬಾಗಿಲಿಗೆ ಅಡ್ಡ ನಿಂತರು.

"ಮೀನು ನನ್ನಲ್ಲಿಲ್ಲ ಅನ್ನಬೇಕಿತ್ತು ಸ್ವಾಮಿ," ಎಂದಳು ಅತ್ತಿಗೆ. "ದೋಣಿ ಚಿಂತೆ ಮೊದಲು ಬಂತಾ?"

ಕೆರೆ ನೂರು ಹೆಜ್ಜೆ. ದೋಣಿಯ ಅಡಿಯಲ್ಲಿ ಹಗ್ಗ, ಹಗ್ಗದ ತುದಿಗೆ ಬಲೆಚೀಲ. ತಮ್ಮ ಮಂಡಿಯೂರಿ ಎತ್ತಿದ. ಚೀಲ ಧಡಧಡನೆ ಒದ್ದಾಡಿ ಡಾಕ್ಟರ ಕನ್ನಡಕದವರೆಗೂ ನೀರು ಹಾರಿಸಿತು. ಡಾಕ್ಟರು ನೋಟುಬುಕ್ಕು ಬಿಡಿಸಿ ಬಗ್ಗಿದರು.

"ಒಂದು... ಎರಡು... ಮೂರು! ಇವಳೇ!"

ಹತ್ತಕ್ಕೆ ಸಮಿತಿ ಸೇರಿತು. ಪದವಿ ಬಿಟ್ಟು ಎದ್ದು ಹೋದವರು ಕಾರ್ಯದರ್ಶಿ. ತಮ್ಮ ಆಗ ಅಲ್ಲಿರಲಿಲ್ಲ. ತಣ್ಣೀರಿನ ಬಕೆಟ್ಟು ಹೊತ್ತು ಮೇಲ್ಮಡುವಿಗೆ ಓಡಿದ್ದ, ಹಿಂದೆ ನಾವಿಬ್ಬರೂ ಏದುಸಿರು ಬಿಡುತ್ತ. ಬಕೆಟ್ಟು ಬಗ್ಗಿಸಿದ. ದೊಡ್ಡಮ್ಮ ಒಂದು ಗಳಿಗೆ ಅಲ್ಲಾಡದೆ ನಿಂತಳು. ಆಮೇಲೆ ಬಾಲ ಬೀಸಿ, ರಾಣಿಯ ಹಾಗೆ, ತನ್ನ ಬಂಡೆಯ ಕೆಳಗೆ ನುಸುಳಿದಳು.

"ಕಾವಲಿನ ಮನೆ ಕಿಟಕಿಗೆ ಪರದೆ ಇಲ್ಲ," ಎಂದಳು ಅತ್ತಿಗೆ ಟೇಪು ಸುತ್ತುತ್ತ. "ಅಳತೆ ತಗೊಂಡು ಬಂದಿದ್ದೀನಿ. ಇನ್ನು ಅಲ್ಲೇ ಇರ್ತೀಯಲ್ಲ, ಹೊಲಿದು ಕೊಡ್ತೀನಿ."