ಕೈಚೀಟಿಯ ಕತ್ತರಿ

ದ್ರಾಕ್ಷಿ ಕೊಯ್ಯುವ, ಹಿಡಿ ತಿರುಗುವ ಕತ್ತರಿಯನ್ನು ಕಂಡುಹಿಡಿದವನು ಗಿಸ್ಬರ್ಟ್. 2009ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹೋದದ್ದು ಅವನು ದುಡಿಯುತ್ತಿದ್ದ ಕಾರ್ಖಾನೆಯ ಮಾಲೀಕ ಟೆರ್ಬ್ರುಗೆನ್‌ನ ಮಗನ ಹೆಸರಿನಲ್ಲಿ. ಆ ಮಗನಿಗೆ ಕತ್ತರಿಯ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಕೇಳಲು ಹೋದರೆ ಮಾಲೀಕ, "ಸಂಬಳ ತಗೊಂಡಿದ್ದೀಯಲ್ಲಪ್ಪ, ಮತ್ತೇನು?" ಎಂದಿದ್ದ. ಆ ಮಾತು ಹದಿನಾರು ವರ್ಷ ಗಿಸ್ಬರ್ಟನ ಹೊಟ್ಟೆ ಉರಿಸಿತ್ತು.

ಕೆಲಸ ಬಿಟ್ಟು, ಚಾಕು ಕತ್ತರಿಗೇ ಹೆಸರಾದ ಜರ್ಮನಿಯ ತನ್ನೂರು ಸೋಲಿಂಗೆನ್‌ನಲ್ಲೇ ಸ್ವಂತ ವರ್ಕ್‌ಶಾಪ್ ಹಾಕಿದ. 2014ರಲ್ಲಿ ಅಲಗಿನ ಕೆಳಗೆ ಕೂರುವ ಪುಟ್ಟ ಸ್ಪ್ರಿಂಗ್ ಒಂದಕ್ಕೆ ತನ್ನದೇ ಹೆಸರಿನಲ್ಲಿ ಪೇಟೆಂಟ್ ಪಡೆದ. ವರ್ಕ್‌ಶಾಪ್ ನಿಂತದ್ದೇ ಆ ಸ್ಪ್ರಿಂಗಿನ ಮೇಲೆ. ಈಗ ಟೆರ್ಬ್ರುಗೆನ್ ದಾವೆ ಹೂಡಿದ್ದ: ಗಿಸ್ಬರ್ಟ್ ಮಾರುವ ಕತ್ತರಿಯ ಹಿಡಿಯೂ ತಿರುಗುತ್ತದೆ, ತಯಾರಿ ನಿಲ್ಲಬೇಕು. ಮೊದಲಾದರೆ ದೇಶಕ್ಕೊಂದು ಕೋರ್ಟು, ದೇಶಕ್ಕೊಂದು ಗುದ್ದಾಟ. ಯುರೋಪಿನವರು ಎಲ್ಲಕ್ಕೂ ಒಂದೇ ಪೇಟೆಂಟ್ ನ್ಯಾಯಾಲಯ ಮಾಡಿ ಸುಧಾರಣೆ ಎಂದು ಬೆನ್ನು ತಟ್ಟಿಕೊಂಡರು. ಈಗ ಒಂದೇ ತೀರ್ಪಿಗೆ ಹದಿನೆಂಟು ದೇಶಗಳಲ್ಲಿ ವ್ಯಾಪಾರ ಬಂದ್.

"ಅವ್ರು ಅರ್ಜಿ ಹಾಕೋಕೆ ಮುಂಚೇನೇ ಆ ಹಿಡಿ ಜನರ ಕಣ್ಣಿಗೆ ಬಿದ್ದಿತ್ತು ಅಂತಾದ್ರೆ ಪೇಟೆಂಟ್ ನಿಲ್ಲಲ್ಲ," ಎಂದರು ಅವನ ವಕೀಲೆ. "ಯಾರು ತೋರಿಸಿದ್ರೂ ಅಷ್ಟೇ. ಕಂಡುಹಿಡಿದೋರೇ ತೋರಿಸಿದ್ರೂ ಅಷ್ಟೇ."

ಗಿಸ್ಬರ್ಟನಿಗೆ ಅಷ್ಟು ಸಾಕಾಗಿತ್ತು. 2008ರ ರಜೆಯಲ್ಲಿ ಮೊಸೆಲ್ ನದಿ ದಡದ ದ್ರಾಕ್ಷಿ ತೋಟಗಳಲ್ಲಿ ತಾನೇ ಹಂಚಿದ ಜಾಹೀರಾತಿನ ಕೈಚೀಟಿ. ನಿಜಕ್ಕೂ ಹಂಚಿರಲಿಲ್ಲ, ಈಗ ಹುಟ್ಟಿಸಬೇಕು. ನೆಲಮಾಳಿಗೆಯಲ್ಲಿ ಆ ಕಾಲದ ಝೆರಾಕ್ಸ್ ಯಂತ್ರವಿತ್ತು, ಆ ಕಾಲದ ಕಾಗದದ ಕಟ್ಟೂ ಇತ್ತು. ಹಳೆಯ ಫೋನ್ ನಂಬರ್ ಹಾಕಿದ, ಕಾಗದ ಮಡಿಚಿದ ಗೆರೆಯ ಮೇಲೆ ಒಂದಿಷ್ಟು ವೈನ್ ಚೆಲ್ಲಿ ಕಲೆ ಮಾಡಿದ. ಚಿತ್ರಕ್ಕೆ ಹತ್ತೇ ನಿಮಿಷ. ದಿನಾ ಮಾಡುವ ಕತ್ತರಿ, ಕೈ ತಾನಾಗಿ ಓಡಿತು. ಸೋಲಿಂಗೆನ್‌ನವನು ಕತ್ತರಿಯನ್ನು ಅರೆಬರೆ ಬರೆದರೆ ನಾಲ್ಕು ಜನ ನಗುತ್ತಾರೆಂದು ಹಿಡಿಯಿಂದ ಮೊನೆಯವರೆಗೆ ಏನೂ ಬಿಡದೆ ಬರೆದ. ಮೊಸೆಲ್‌ನಲ್ಲಿ ದ್ರಾಕ್ಷಿ ಬೆಳೆಯುವ ಸೋದರತ್ತೆ ಆಲ್ವೀನೆ ಸಾಕ್ಷಿಗೆ ಒಪ್ಪಿದಳು.

"ನಂಗೂ ಒಂದು ಕೊಟ್ಟಿದ್ದ ಅಂತ ಹೇಳ್ತೀನಿ ಕಣೋ. ಆ ಕಳ್ಳನ ಮುಖ ಇಂಗು ತಿಂದ ಮಂಗನ ಥರ ಆಗೋದು ನೋಡ್ಬೇಕು."

ಡ್ಯೂಸೆಲ್ಡಾರ್ಫ್‌ನ ಪೇಟೆಂಟ್ ಕೋರ್ಟಿನಲ್ಲಿ ಗಿಸ್ಬರ್ಟ್ ಕಾದದ್ದು ಒಂದೇ ಮಾತಿಗೆ: ಇದು ನಕಲಿ. ಕಾಗದ, ಶಾಯಿ, ತಾರೀಖು, ಏನು ಕೇಳಿದರೂ ಉತ್ತರ ಸಿದ್ಧವಿತ್ತು. ಟೆರ್ಬ್ರುಗೆನ್ ಕನ್ನಡಕ ಏರಿಸಿ ಚೀಟಿಯನ್ನು ಬಹಳ ಹೊತ್ತು ನೋಡಿದ. ತನ್ನ ವಕೀಲನ ಕಿವಿಯಲ್ಲಿ ಏನೋ ಹೇಳಿದ.

"ಚೀಟಿ ಅಸಲಿ ಅಂತ ನಾವೂ ಒಪ್ಕೋತೀವಿ," ಎಂದ ವಕೀಲ. "ನಮ್ಮ ಪೇಟೆಂಟಿಗೆ ಹೇಗೂ ಇನ್ನು ನಾಲ್ಕೇ ವರ್ಷ ಆಯಸ್ಸು."

ನ್ಯಾಯಾಧೀಶೆ ಗಿಸ್ಬರ್ಟನತ್ತ ತಿರುಗಿದರು. "2008ರಲ್ಲಿ ನೀವೇ ಬರೆದು ಹಂಚಿದ್ದು, ಅಲ್ವಾ?"

"ನಾನೇ," ಎಂದ ಗಿಸ್ಬರ್ಟ್. ಹದಿನಾರು ವರ್ಷದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು.

"ಹಾಗಾದ್ರೆ ಇವರ ಸ್ಪ್ರಿಂಗ್ ಪೇಟೆಂಟನ್ನೂ ರದ್ದು ಮಾಡ್ಬೇಕು, ಹದಿನೆಂಟು ದೇಶಕ್ಕೂ ಸೇರಿಸಿ," ಎಂದು ವಕೀಲ ಚೀಟಿಯನ್ನು ಮುಂದೆ ಸರಿಸಿದ. ಗಿಸ್ಬರ್ಟ್ ಬಗ್ಗಿ ನೋಡಿದ. ಸುಳ್ಳು ಚೀಟಿ ಎಂದರೆ ಜೈಲು, ನಿಜ ಎಂದರೆ ವರ್ಕ್‌ಶಾಪಿಗೆ ಬೀಗ. ಅವನೇ ಬರೆದ 2008ರ ಕತ್ತರಿಯಲ್ಲಿ, ಅಲಗಿನ ಕೆಳಗೆ, ಅವನು 2014ರಲ್ಲಿ ಕಂಡುಹಿಡಿದ ಸ್ಪ್ರಿಂಗ್ ಅಚ್ಚುಕಟ್ಟಾಗಿ ಕೂತಿತ್ತು.